ಪ್ಲೇಟಿನ ಮೇಲೊಂದು ಭಾರ



ಈ ಸಲದ ಬರಹಕ್ಕೆ ಕಾರಣ ಒಂದು ಉಡುಗೊರೆ. ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ಹೆಸರು ಬೇಡ, ಅವನ ತರಗತಿಯವರಿಗೆ ಓದುತ್ತಿದ್ದಂತೆಯೇ ಗೊತ್ತಾಗುತ್ತದೆ. ಎರಡು ವರ್ಷಗಳ ಹಿಂದೆ ದೀಪಾವಳಿಯ ರಜೆಯಲ್ಲಿ ಅಮಾಸೆಬೈಲಿಗೆ ಬಂದಿದ್ದಾಗ ನಮ್ಮ ಮನೆಯ ಉಪ್ಪರಿಗೆ ಹತ್ತಿ, ನಾನು ಹಾಡು ಕೇಳುವ ಮೂಲೆಯನ್ನು ನೋಡಿದ. ಮುಂದಿನ ಸಲ ಬರುವಾಗ ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಒಂದು ಗುಂಡನ್ನು ತಂದಿದ್ದ. ಬುಡದಲ್ಲಿ ಒಂದು ತೂತು, ಸುತ್ತಲೂ ಕನ್ನಡಿಯಂಥ ಹೊಳಪು. ತೂಕ 600 ಗ್ರಾಂ.

"ಸರ್, ಇದನ್ನ ಪ್ಲೇಟಿನ ಮೇಲೆ ಇಡಿ. ಹಾಡಿನ ರುಚಿಯೇ ಬ್ಯಾರೆ ಆತ್ತ್" ಎಂದ.

ಶಿಷ್ಯ ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವ ಗುರು ಯಾರಿದ್ದಾರೆ? ಅಂದಿನಿಂದ ಪ್ರತಿ ಪ್ಲೇಟಿನ ಮೇಲೂ ಅದನ್ನು ಇಡತೊಡಗಿದೆ. ಹೀಗೆ ಇಟ್ಟದ್ದು ತಪ್ಪು ಎಂಬುದೇ ಈ ಲೇಖನದ ವಾದ. ಆದರೆ ಆ ತಪ್ಪು ಅವನದಲ್ಲ, ನನ್ನದು. ಅದು ಹೇಗೆಂಬುದನ್ನು ಸಾವಕಾಶವಾಗಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಿನ ಮಾತು. ನಮ್ಮ ಬಾಲ್ಯದಲ್ಲಿ ಮನೆಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಹಾಡಿನ ಪ್ಲೇಟು ಎಂದರೆ ಮದುವೆಗೋ ಶಾಲಾ ವಾರ್ಷಿಕೋತ್ಸವಕ್ಕೋ ಬರುತ್ತಿದ್ದ ಮೈಕ್‌ಸೆಟ್ಟಿನವರ ಸ್ವತ್ತು. ಚಪ್ಪರದ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಪೆಟ್ಟಿಗೆ, ತೆಂಗಿನ ಮರಕ್ಕೆ ಕಟ್ಟಿದ ಕಹಳೆ. ಮಕ್ಕಳಾದ ನಾವು ಊಟದ ಪಂಕ್ತಿಯನ್ನಾದರೂ ಬಿಟ್ಟೇವು, ಆ ಮೇಜಿನ ಬದಿಯನ್ನು ಬಿಡುತ್ತಿರಲಿಲ್ಲ. ಯಾರಾದರೂ ಮೇಜಿಗೆ ತಾಗಿದರೆ ಮುಳ್ಳು ಹಾರುತ್ತಿತ್ತು, ಹಾಡು ಎರಡು ಸಾಲು ಮುಂದಕ್ಕೆ ನೆಗೆಯುತ್ತಿತ್ತು. ಮೈಕ್‌ಸೆಟ್ಟಿನವನು ಜೇಬಿನಿಂದ ಹತ್ತು ಪೈಸೆಯ ನಾಣ್ಯ ತೆಗೆದು ತೋಳಿನ ತುದಿಯ ಮೇಲೆ ಇಡುತ್ತಿದ್ದ. ಅಲ್ಲಿಗೆ ಮುಳ್ಳು ಹಾರುವುದು ನಿಲ್ಲುತ್ತಿತ್ತು. ಅದೊಂದು ಮಂತ್ರವಿದ್ದಂತೆ ನಮಗೆ ಕಾಣುತ್ತಿತ್ತು. ಆ ನಾಣ್ಯದ ಭಾರಕ್ಕೆ ಪ್ಲೇಟಿನ ಗೀರುಗಳು ಸವೆದು, ನಾಲ್ಕಾರು ಮದುವೆಗಳಲ್ಲಿ ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚಾಗುತ್ತಿತ್ತು ಎಂಬುದು ದೊಡ್ಡವನಾದ ಮೇಲೆ ತಿಳಿಯಿತು. ಅಲುಗಾಡುವುದರ ಮೇಲೆ ಭಾರ ಹೇರಿದರೆ ಸರಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು.

ಆ ಹಳೆಯ 78 ಸುತ್ತಿನ ಪ್ಲೇಟುಗಳು ಅರಗಿನವು. ಕೈಜಾರಿದರೆ ಹಪ್ಪಳದಂತೆ ಒಡೆಯುತ್ತಿದ್ದವು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲಿನ ಲಾಂಗ್ ಪ್ಲೇ ತಟ್ಟೆಯನ್ನು ತಂದಿತು. ಅದು ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಬಾಗುತ್ತದೆ. ಒಂದು ಕಾಯಿಲೆ ಹೋದರೂ ಇನ್ನೊಂದು ಉಳಿದ ಹಾಗೆ. ಬಾಗಿದ ತಟ್ಟೆಯನ್ನು ಸಮಮಾಡಿ ಒತ್ತಿ ಹಿಡಿಯಬೇಕೆಂಬ ಅಗತ್ಯದಿಂದಲೇ ಈ ಕ್ಲಾಂಪುಗಳು ಪ್ರಚಾರಕ್ಕೆ ಬಂದವು.

ಇನ್ನು ನನ್ನ ಯಂತ್ರದ ವಿಚಾರ. ಜರ್ಮನಿಯಲ್ಲಿದ್ದ ನನ್ನ ಭಾವ ಊರಿಗೆ ಮರಳುವಾಗ ತಂದದ್ದು, ಅವರ ಕಾಲಾನಂತರ ನನಗೆ ಬಂತು. ಇದರಲ್ಲಿ ತಿರುಗುವ ಬಿಲ್ಲೆಯೂ ಮುಳ್ಳಿನ ತೋಳೂ ಒಂದೇ ಚೌಕಟ್ಟಿನ ಮೇಲಿವೆ. ಆ ಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ತೂಗಾಡುತ್ತದೆ. ಮೋಟಾರು ಮಾತ್ರ ಹೊರಗಿನ ಮರದ ಪೆಟ್ಟಿಗೆಗೆ ಬಿಗಿಯಾಗಿದೆ. ಎರಡರ ನಡುವೆ ಸಂಬಂಧವೆಂದರೆ ಒಂದು ತೆಳ್ಳನೆಯ ರಬ್ಬರ್ ಬೆಲ್ಟು. ಈ ವಿನ್ಯಾಸವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಡ್ಗರ್ ವಿಲ್ಚರ್. ಅವರ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಟರ್ನ್‌ಟೇಬಲ್ 1961ರಲ್ಲಿ ಬಂತು. 1965ರ ಥೋರೆನ್ಸ್ ಟಿಡಿ 150, ಎಪ್ಪತ್ತರ ದಶಕದ ಆರಂಭದ ಸ್ಕಾಟ್ಲೆಂಡಿನ ಲಿನ್ ಸೊಂಡೆಕ್ ಇವೆಲ್ಲ ಅದೇ ವಂಶದವು.

ನಮ್ಮಂಥ ಮನೆಗೆ ಇದು ಹೇಳಿಮಾಡಿಸಿದ ಯಂತ್ರ. ಉಪ್ಪರಿಗೆಯದು ಹಲಗೆಯ ನೆಲ. ಯಾರಾದರೂ ನಡೆದರೆ ಕಪಾಟಿನ ಗಾಜು ಕಿಣಿಕಿಣಿ ಎನ್ನುತ್ತದೆ. ಬಿಗಿಯಾಗಿ ನಿಂತ ಯಂತ್ರವಾದರೆ ಆ ಅದುರು ನೇರವಾಗಿ ಮುಳ್ಳಿಗೆ ತಲುಪುತ್ತದೆ. ಸ್ಪ್ರಿಂಗಿನ ಮೇಲಿನ ಯಂತ್ರದಲ್ಲಿ ಅದು ದಾರಿಯಲ್ಲೇ ಸೋಸಿಹೋಗುತ್ತದೆ. ನನ್ನ ಯಂತ್ರದ ಚೌಕಟ್ಟನ್ನು ಬೆರಳಿನಿಂದ ಮೆಲ್ಲನೆ ಒತ್ತಿಬಿಟ್ಟರೆ ಸೆಕೆಂಡಿಗೆ ಸುಮಾರು ನಾಲ್ಕು ಸಲ ಮೇಲೆ ಕೆಳಗೆ ತೂಗುತ್ತದೆ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ನಿಧಾನಗತಿಯ ಚಿತ್ರವಾಗಿ ತೆಗೆದು ಎಣಿಸಿಕೊಟ್ಟಳು. ಹೀಗೆ 4 ಹರ್ಟ್ಸ್‌ನಲ್ಲಿ ತೂಗುವ ಸ್ಪ್ರಿಂಗು ಸುಮಾರು 6 ಹರ್ಟ್ಸ್‌ಗಿಂತ ಮೇಲಿನ ಅದುರುಗಳನ್ನು ಕುಗ್ಗಿಸುತ್ತದೆ. ಮುಳ್ಳು ಮತ್ತು ತೋಳಿನ ಸ್ವಂತ ಕಂಪನ ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವೆ ಇರುವುದರಿಂದ ಎರಡೂ ಒಂದಕ್ಕೊಂದು ಅಡ್ಡಬರುವುದಿಲ್ಲ. ಇದು ಎಂಜಿನಿಯರುಗಳು ಲೆಕ್ಕಹಾಕಿ ಇಟ್ಟ ಸಮತೋಲ.

ಅದರ ಮೇಲೆ ನಾನು 600 ಗ್ರಾಂ ಹಿತ್ತಾಳೆ ಇಟ್ಟೆ.

ಮೊದಲ ಕೆಲವು ವಾರ ಹಾಡು ನಿಜಕ್ಕೂ ಚೆನ್ನಾಗಿ ಕೇಳಿಸಿತು. ತಬಲಾದ ಪೆಟ್ಟು ಹೆಚ್ಚು ಗಟ್ಟಿಯಾಗಿದೆ ಎಂದು ಫೋನಿನಲ್ಲಿ ಹೊಗಳಿಯೂ ಹೊಗಳಿದೆ. ಬಳಿಕ ಕೆಲವೊಮ್ಮೆ ದೀರ್ಘಸ್ವರಗಳು ಸಣ್ಣಗೆ ತೇಲಾಡುವಂತೆ ಅನಿಸಿತು. ಕಿವಿಗೆ ವಯಸ್ಸಾಯಿತು ಎಂದುಕೊಂಡೆ. ಬೆಲ್ಟು ಎರಡು ಬಾರಿ ಕಳಚಿತು, ಹಳೆಯದಾಯಿತು ಎಂದುಕೊಂಡೆ. ಪ್ರೀತಿಯಿಂದ ಬಂದ ವಸ್ತುವಿನ ಮೇಲೆ ಸಂಶಯಪಡಲು ಮನಸ್ಸು ಒಪ್ಪುವುದಿಲ್ಲ.

ಕಳೆದ ಆಸಾಡಿ ಅಮಾಸೆಯ ದಿನ ಮನೆಯಲ್ಲಿ ನೆಂಟರು ಸೇರಿದ್ದರು. ಹೊರಗೆ ಧಾರಾಕಾರ ಮಳೆ. ನಮ್ಮ ಅತ್ತಿಗೆಯೂ ಬಂದಿದ್ದರು. ಅವರಿಗಾಗಿ ಅಣ್ಣನ ಪ್ಲೇಟು ಹಾಕಿದೆ. ಅದು ಪಿ. ಕಾಳಿಂಗರಾಯರ ಹಾಡುಗಳದು. ಅಣ್ಣ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ಹೊದಿಕೆಯ ಮೂಲೆಯಲ್ಲಿ ಅವನ ಸಹಿಯಿದೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೇ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಕಾಳಿಂಗರಾಯರು ನಮ್ಮ ಸೀಮೆಯವರೇ, 1914ರಲ್ಲಿ ಆರೂರಿನಲ್ಲಿ ಹುಟ್ಟಿದವರು, 1981ರಲ್ಲಿ ತೀರಿಕೊಂಡರು. ಕನ್ನಡದ ಕವಿತೆಯನ್ನು ಪುಸ್ತಕದಿಂದ ಎತ್ತಿ ಜನರ ಬಾಯಲ್ಲಿ ಇಟ್ಟವರಲ್ಲಿ ಅವರು ಮೊದಲಿಗರ ಸಾಲಿನವರು. ನಮ್ಮ ಪೀಳಿಗೆಗೆ ಇಬ್ಬರು ಕಾಳಿಂಗರು. ಒಬ್ಬರು ಪ್ಲೇಟಿನ ಕಾಳಿಂಗರಾಯರು, ಇನ್ನೊಬ್ಬರು ಕ್ಯಾಸೆಟ್ಟಿನ ಕಾಲದ ಭಾಗವತ ಕಾಳಿಂಗ ನಾವಡರು. ಅಣ್ಣನಿಗೆ ಮೊದಲನೆಯವರು, ನನಗೆ ಎರಡನೆಯವರು ಎಂದು ಮನೆಯಲ್ಲಿ ತಮಾಷೆಯ ಪಾಲೂ ಆಗಿತ್ತು.

ಎರಡನೆಯ ಮಗ್ಗುಲಿನ ಎರಡನೆಯ ಹಾಡು ನಡೆಯುತ್ತಿದ್ದಾಗ ಮಕ್ಕಳು ಆಟವಾಡುತ್ತ ಉಪ್ಪರಿಗೆಗೆ ಓಡಿಬಂದರು. ಹಲಗೆ ಅದುರಿತು. ಯಾವ ಅದುರನ್ನು ನನ್ನ ಯಂತ್ರ ವರ್ಷಗಟ್ಟಲೆ ನುಂಗಿಕೊಂಡಿತ್ತೋ ಅದನ್ನು ಆ ದಿನ ನುಂಗಲಿಲ್ಲ. ಮುಳ್ಳು ಸರ್‍ರನೆ ತಟ್ಟೆಯ ಅಡ್ಡಕ್ಕೆ ಜಾರಿತು. ಎತ್ತಿ ನೋಡಿದರೆ ಬೆಳ್ಳಗಿನ ಒಂದು ಗೀರು.

ಮಕ್ಕಳಿಗೆ ಬೈಯಲು ಬಾಯಿ ತೆರೆದಿದ್ದೆ. ಅತ್ತಿಗೆ ತಡೆದರು. "ಅವ್ರ್ ಇದ್ದಿದ್ರೆ ಬೈತಿರ್ಲಿಲ್ಲ. ಮಕ್ಕಳನ್ನೂ ಕೂರ್ಸಿ ಕೇಳಿಸ್ತಿದ್ರ್" ಎಂದರು. ಹಾಡು ಮತ್ತೆ ಹಾಕಿದೆ. ಆ ಜಾಗ ಬಂದಾಗ ಸುತ್ತಿಗೊಂದು 'ಟಿಕ್'. ನಿಮಿಷಕ್ಕೆ ಮೂವತ್ತಮೂರು. ಯಾರೂ ಏನೂ ಹೇಳಲಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚು ಹಿಡಿದು ಯಂತ್ರವನ್ನು ಪರಿಶೀಲಿಸಿದೆ. ಗುಂಡನ್ನು ಇಡದೆ ಒಮ್ಮೆ, ಇಟ್ಟು ಒಮ್ಮೆ, ಬಿಲ್ಲೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದೆ. ಗುಂಡು ಇಟ್ಟಾಗ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ತಗ್ಗುತ್ತಿತ್ತು. ಅದೂ ಸಮವಾಗಿ ಅಲ್ಲ, ಒಂದು ಬದಿಗೆ ಹೆಚ್ಚು.

ನನ್ನ ತರಗತಿಯಲ್ಲಿ ಕುಳಿತವರು ಸ್ಪ್ರಿಂಗ್ ತ್ರಾಸಿನ ಪ್ರಯೋಗವನ್ನು ಮರೆತಿರಲಾರಿರಿ. ಐವತ್ತು ಗ್ರಾಂ ತೂಗಿಸಿದರೆ ಇಷ್ಟು ಹಿಗ್ಗು, ನೂರು ತೂಗಿಸಿದರೆ ಅದರ ಎರಡರಷ್ಟು. ಹುಕ್‌ನ ನಿಯಮ. ಅದನ್ನೇ ಇಲ್ಲಿಗೆ ಹಚ್ಚಿ ನೋಡಿ. ಸೆಕೆಂಡಿಗೆ ನಾಲ್ಕು ಸಲ ತೂಗುವ ಸ್ಪ್ರಿಂಗು ತನ್ನ ಹೊರೆಯಿಂದ ಸುಮಾರು 15.5 ಮಿಲಿಮೀಟರ್ ಕುಗ್ಗಿರಲೇಬೇಕು. ಇದು ಗುರುತ್ವದ ಮೌಲ್ಯವನ್ನು ಇಟ್ಟರೆ ನೇರವಾಗಿ ಬರುವ ಉತ್ತರ. ನನ್ನ ಯಂತ್ರದಲ್ಲಿ ಸ್ಪ್ರಿಂಗುಗಳು ಹೊರುವ ತೂಕ ಸುಮಾರು 4 ಕಿಲೋ. ಅದಕ್ಕೆ 600 ಗ್ರಾಂ ಸೇರಿಸಿದರೆ ಹೊರೆ ನೂರಕ್ಕೆ ಹದಿನೈದರಷ್ಟು ಹೆಚ್ಚುತ್ತದೆ. 15.5ರ ಹದಿನೈದು ಪ್ರತಿಶತವೆಂದರೆ 2.3 ಮಿಲಿಮೀಟರ್. ನಾನು ಅಳೆದದ್ದೂ ಅಷ್ಟೇ. ಮೂವತ್ತಕ್ಕೂ ಹೆಚ್ಚು ವರ್ಷ ಬೋರ್ಡಿನ ಮೇಲೆ ಬರೆದ ಸಂಗತಿಯನ್ನು ನನ್ನ ಮನೆಯ ಉಪ್ಪರಿಗೆಯಲ್ಲಿ ಒಂದು ದಿನವೂ ನೆನೆಯಲಿಲ್ಲ. ತಪ್ಪು ನನ್ನದು ಎಂದದ್ದು ಇದಕ್ಕೆ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಭಾರ ಹೆಚ್ಚಿದಾಗ ತೂಗಾಟದ ವೇಗ 4ರಿಂದ ಸುಮಾರು 3.7 ಹರ್ಟ್ಸ್‌ಗೆ ಇಳಿಯುತ್ತದೆ. ಅದರಿಂದ ಹಾನಿಯಿಲ್ಲ; ಅದುರು ಸೋಸುವ ದೃಷ್ಟಿಯಿಂದ ಅದು ಕೂದಲೆಳೆಯಷ್ಟು ಲಾಭವೇ. ಹಾನಿ ಬಂದದ್ದು ತಗ್ಗುವುದರಿಂದ. ಬಿಲ್ಲೆ ಕೆಳಗಿಳಿಯಿತು, ಮೋಟಾರು ಇದ್ದಲ್ಲೇ ಉಳಿಯಿತು. ಬೆಲ್ಟು ಓರೆಯಾಗಿ ಓಡತೊಡಗಿತು. ಸ್ವರ ತೇಲಿದ್ದು, ಬೆಲ್ಟು ಕಳಚಿದ್ದು ಅದಕ್ಕೇ. ಒಂದು ಬದಿಗೆ ಚೌಕಟ್ಟು ಪೆಟ್ಟಿಗೆಯ ತಳಕ್ಕೆ ಎಷ್ಟು ಸಮೀಪವಾಗಿತ್ತೆಂದರೆ ನೆಲ ಜೋರಾಗಿ ಅದುರಿದಾಗ ತೂಗುವ ಬದಲು ತಳಕ್ಕೆ ತಾಗಿತು. ತಾಗಿದ ಮೇಲೆ ಸ್ಪ್ರಿಂಗು ಇದ್ದೂ ಇಲ್ಲದಂತೆ.

ಹಾಗಾದರೆ ಕ್ಲಾಂಪೇ ಬೇಡವೇ? ಇಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಬೇಕು. ಜನರು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಒಂದು, ನನ್ನಲ್ಲಿದ್ದಂಥ ಭಾರದ ಗುಂಡು. ಅದು ಸುಮ್ಮನೆ ಪ್ಲೇಟಿನ ಮೇಲೆ ಕುಳಿತು ತನ್ನ ತೂಕದಿಂದ ಒತ್ತುತ್ತದೆ. ಎಷ್ಟು ಒತ್ತಬೇಕೋ ಅಷ್ಟು ತೂಕ ಬೇಕು. ಆ ತೂಕವನ್ನು ಸ್ಪ್ರಿಂಗುಗಳು ಹೊರಲೇಬೇಕು.

ಇನ್ನೊಂದು, ಬಿಗಿಯುವ ಕ್ಲಾಂಪು. ಹಗುರವಾದ ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಮ್ಮಿನದೋ ಇರುತ್ತದೆ. ನಡುವಿನ ಕಡ್ಡಿಯನ್ನು ಹಿಡಿದುಕೊಂಡು ಪ್ಲೇಟನ್ನು ಕೆಳಕ್ಕೆ ಒತ್ತುತ್ತದೆ. ಪ್ಲೇಟನ್ನು ಎಷ್ಟು ಬಲದಿಂದ ಕೆಳಕ್ಕೆ ಒತ್ತುತ್ತದೋ ಅಷ್ಟೇ ಬಲದಿಂದ ಕಡ್ಡಿಯನ್ನು ಮೇಲಕ್ಕೆ ಎಳೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಎರಡು ಬಲಗಳೂ ಬಿಲ್ಲೆಯೊಳಗೇ ಇತ್ಯರ್ಥವಾಗುವುದರಿಂದ ಸ್ಪ್ರಿಂಗುಗಳಿಗೆ ಅದರ ಸುದ್ದಿಯೇ ತಲುಪುವುದಿಲ್ಲ. ತಲುಪುವುದು ಕ್ಲಾಂಪಿನ ಸ್ವಂತ ತೂಕ ಮಾತ್ರ. ದೋಣಿಯಲ್ಲಿ ಕುಳಿತವನು ಹೆದರಿ ಹಲಗೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ದೋಣಿ ತಗ್ಗುವುದಿಲ್ಲ. ಅದೇ ದೋಣಿಗೆ ಒಂದು ಕಲ್ಲು ಹೇರಿದರೆ ತಗ್ಗುತ್ತದೆ. ಗಂಗೊಳ್ಳಿಯ ಕಡವಿನಲ್ಲಿ ದೋಣಿ ಹತ್ತಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಬಿಗಿಯುವ ಕ್ಲಾಂಪಿನ ತೂಕ 70 ಗ್ರಾಂ ಎಂದಿಟ್ಟುಕೊಳ್ಳಿ. ಮೇಲಿನ ಲೆಕ್ಕದಂತೆ ಅದು ಬಿಲ್ಲೆಯನ್ನು ಕಾಲು ಮಿಲಿಮೀಟರಿನಷ್ಟು ಇಳಿಸುತ್ತದೆ. ಹಳೆಯ ಲಾಂಗ್ ಪ್ಲೇ ತಟ್ಟೆ 120 ಗ್ರಾಂ ಆಸುಪಾಸು ತೂಗುತ್ತದೆ, ಈಗಿನ ದಪ್ಪ ತಟ್ಟೆ 180 ಗ್ರಾಂ. ತಟ್ಟೆತಟ್ಟೆಗಳ ನಡುವೆಯೇ 60 ಗ್ರಾಂ ವ್ಯತ್ಯಾಸವಿರುವಾಗ, ಅದನ್ನು ತಾಳುವ ಯಂತ್ರ 70 ಗ್ರಾಮಿನ ಕ್ಲಾಂಪನ್ನೂ ತಾಳುತ್ತದೆ.

ಈ ವಿಷಯದಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ. ಲಿನ್‌ನವರು ತಮ್ಮ ಯಂತ್ರಕ್ಕೆ ಕ್ಲಾಂಪು ಬೇಡವೆನ್ನುತ್ತಾರೆ. ಅದೇ ಸ್ಪ್ರಿಂಗಿನ ತತ್ತ್ವದ ಮೇಲೆ ನಿಂತ ಇಂಗ್ಲೆಂಡಿನ ಮಿಚೆಲ್ ಗೈರೊಡೆಕ್, ಕೆನಡಾದ ಒರಾಕಲ್ ಡೆಲ್ಫಿ ಯಂತ್ರಗಳು ಕ್ಲಾಂಪಿನೊಂದಿಗೇ ಬರುತ್ತವೆ. ನನಗೆ ಇದು ವಿರೋಧವೆಂದು ತೋರುವುದಿಲ್ಲ. ಕ್ಲಾಂಪನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಮಾಡಿದ ಯಂತ್ರಕ್ಕೆ ಅದು ಅಂಗ. ಹಿಡಿಯದೆ ಮಾಡಿದ ಯಂತ್ರಕ್ಕೆ ಅದು ಹೊರೆ.

ಕ್ಲಾಂಪಿನ ಪರವಾಗಿ ಹೇಳುವ ಇನ್ನೆರಡು ವಾದಗಳಿವೆ. ತಟ್ಟೆ ಜಾರದಂತೆ ಅದು ಹಿಡಿಯುತ್ತದೆ ಎಂಬುದು ಒಂದು. ಲೆಕ್ಕಹಾಕಿ ನೋಡಿದೆ. ಎರಡು ಗ್ರಾಂ ಒತ್ತಡದ ಮುಳ್ಳು ತಟ್ಟೆಯನ್ನು ಹಿಂದಕ್ಕೆ ಎಳೆಯುವ ಶಕ್ತಿ ಅತ್ಯಲ್ಪ. ತಟ್ಟೆಯ ಸ್ವಂತ ತೂಕದಿಂದ ಬರುವ ಘರ್ಷಣೆ ಅದರ ಮೂವತ್ತು ಪಟ್ಟು ಆದೀತು. ಆ ಭಯ ಬೇಡ. ಎರಡನೆಯದು, ಮುಳ್ಳಿನ ಓಡಾಟದಿಂದ ತಟ್ಟೆಯಲ್ಲೇ ಏಳುವ ಸಣ್ಣ ಕಂಪನವನ್ನು ಬಿಲ್ಲೆಗೆ ಒತ್ತಿ ಅಡಗಿಸಬಹುದು ಎಂಬುದು. ಇದರಲ್ಲಿ ಹುರುಳಿದೆ, ಆದರೆ ಕಿವಿಗೆ ಎಷ್ಟು ತಿಳಿಯುತ್ತದೆ? ಹಗುರವಾದ ಕ್ಲಾಂಪೊಂದನ್ನು ತರಿಸಿ, ನಾನು ಬೆನ್ನು ಹಾಕಿ ಕುಳಿತೆ. ಮೊಮ್ಮಗಳು ನಾಣ್ಯ ಚಿಮ್ಮಿ, ಅದರಂತೆ ಕ್ಲಾಂಪನ್ನು ಇಟ್ಟೋ ಇಡದೆಯೋ ಒಂದೇ ಹಾಡನ್ನು ಹತ್ತು ಸಲ ಹಾಕಿದಳು. ಆರು ಸಲ ಸರಿ ಹೇಳಿದೆ. "ಅಜ್ಜ, ಕೇಳದೇ ಹೇಳಿದ್ರೂ ಐದು ಸರಿಯಾಗ್ತಿತ್ತಲ್ಲ?" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಕಿವಿ ನನ್ನದಕ್ಕಿಂತ ಚುರುಕಾಗಿರಬಹುದು. ಆದರೆ ಹೀಗೆ ಬೆನ್ನು ಹಾಕಿ ಕುಳಿತು ಪರೀಕ್ಷಿಸುವ ತನಕ 'ರುಚಿಯೇ ಬೇರೆ' ಎಂದು ಯಾರೂ ಹೇಳಬಾರದು. ನಾನೂ ಹೇಳಬಾರದಿತ್ತು.

ಕ್ಲಾಂಪು ನಿಜವಾಗಿ ಉಪಯೋಗಕ್ಕೆ ಬರುವುದು ಬಾಗಿದ ತಟ್ಟೆಗೆ. ನಮ್ಮ ಊರಿನ ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಹಪ್ಪಳ ಒಣಗಿಸಿದಂತೆ ಪ್ಲೇಟುಗಳನ್ನು ಜಗಲಿಯ ಬಿಸಿಲಿಗೆ ಇಟ್ಟು ಎರಡನ್ನು ಬೋಗುಣಿ ಮಾಡಿಕೊಂಡ ಅನುಭವ ನನಗಿದೆ. ಅಂಚು ಮೇಲಕ್ಕೆದ್ದ ತಟ್ಟೆಯಾದರೆ ನಡುವಿನ ಕಡ್ಡಿಗೆ ತೆಳ್ಳನೆಯ ವಾಷರ್ ಹಾಕಿ, ಅದರ ಮೇಲೆ ತಟ್ಟೆ ಇಟ್ಟು, ಬಿಗಿಯುವ ಕ್ಲಾಂಪನ್ನು ಮೆಲ್ಲನೆ ಒತ್ತಿದರೆ ಅಂಚು ಬಿಲ್ಲೆಗೆ ಕುಳಿತುಕೊಳ್ಳುತ್ತದೆ. ನಡು ಉಬ್ಬಿದ್ದರೆ ವಾಷರ್ ಬೇಡ. ಅಂಚಿನಲ್ಲಿ ಅಲೆಅಲೆಯಾಗಿ ಬಾಗಿದ್ದರೆ ನಡುವನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಸ್ಪ್ರಿಂಗಿನ ಮೇಲೆ ತೂಗುವ ಯಂತ್ರವಿದ್ದವರು ಸಮನಾದ ತಟ್ಟೆಗೆ ಏನನ್ನೂ ಇಡಬೇಡಿ. ಬಾಗಿದ ತಟ್ಟೆಗೆ ಹಗುರವಾದ ಬಿಗಿಯುವ ಕ್ಲಾಂಪು ಬಳಸಿ. ಭಾರದ ಗುಂಡು ಬೇಕೇ ಬೇಕೆಂದರೆ ಅದನ್ನು ಇಟ್ಟುಕೊಂಡೇ ಸ್ಪ್ರಿಂಗಿನ ನಟ್ಟುಗಳನ್ನು ತಿರುಗಿಸಿ ಎತ್ತರವನ್ನೂ ಮಟ್ಟವನ್ನೂ ಸರಿಪಡಿಸಿ. ಆಮೇಲೆ ಒಂದು ದಿನವೂ ಅದಿಲ್ಲದೆ ಪ್ಲೇಟು ಹಾಕಬೇಡಿ, ಏಕೆಂದರೆ ಆಗ ಬಿಲ್ಲೆ ಅಷ್ಟೇ ಮೇಲೇಳುತ್ತದೆ. ಇವತ್ತು ಇಟ್ಟು ನಾಳೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸ್ಪ್ರಿಂಗಿಲ್ಲದ, ಬಿಗಿಯಾಗಿ ನಿಂತ ಯಂತ್ರವಾದರೆ ಈ ತೊಂದರೆ ಇಲ್ಲ. ಅದರ ಬೇರಿಂಗು ತಾಳುವಷ್ಟರ ಒಳಗೆ ನಿಮ್ಮ ಇಷ್ಟ.

ಇದನ್ನು ಬರೆಯುವ ಮೊದಲು ಶಿಷ್ಯನಿಗೆ ಫೋನು ಮಾಡಿದೆ. ಅಣ್ಣನ ಪ್ಲೇಟಿನ ವಿಷಯ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೆ. ಹೇಳದೆ ಉಳಿದರೆ ಅವನು ಇನ್ನೂ ನಾಲ್ಕು ಜನರಿಗೆ ಅದೇ ಗುಂಡನ್ನು ಕೊಟ್ಟಾನು. ಹೇಳಿದೆ. ಆಚೆ ಬದಿ ಬಹಳ ಹೊತ್ತು ಮೌನ. ಆಮೇಲೆ, "ಸರ್, ನಂಗೂ ಸ್ಪ್ರಿಂಗಿನ ಲೆಕ್ಕ ನೆನಪಾಯ್ಲಿಲ್ಲ ಕಾಣಿ" ಎಂದ. "ಕಲಿಸಿದವನಿಗೇ ನೆನಪಾಗಲಿಲ್ಲ ಮಾರಾಯ, ನಿನ್ನದೇನು?" ಎಂದೆ. ಬರೆಯಲೇ ಎಂದು ಕೇಳಿದ್ದಕ್ಕೆ, "ಬರೀರಿ ಸರ್. ತಪ್ಪ್ ಅಂದ್ರೆ ತಪ್ಪೇ" ಎಂದ. ಆ ಮಾತು ಕೇಳಿ ನನ್ನ ಎದೆ ಹಗುರಾಯಿತು.

ಗುಂಡು ಈಗ ಜಗಲಿಯ ಮೇಜಿನ ಮೇಲಿದೆ. ಭಾನುವಾರ ಲೆಕ್ಕ, ವಿಜ್ಞಾನ ಕೇಳಲು ಬರುವ ನೆರೆಮನೆಯ ಮಕ್ಕಳು ಅದಕ್ಕೆ ದಾರ ಕಟ್ಟಿ ಸ್ಪ್ರಿಂಗ್ ತ್ರಾಸಿಗೆ ತೂಗಿಸುತ್ತಾರೆ. ಎಷ್ಟು ಹಿಗ್ಗಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಟ್ಟವನ ಹೆಸರನ್ನೂ ಅವರಿಗೆ ಹೇಳಿದ್ದೇನೆ.

ಮೊನ್ನೆ ಅತ್ತಿಗೆ ಬಂದಾಗ ಅಣ್ಣನ ಪ್ಲೇಟನ್ನು ಮತ್ತೆ ಹಾಕಿದೆ, ಮೇಲೆ ಏನೂ ಇಡದೆ. ಎರಡನೆಯ ಹಾಡಿನಲ್ಲಿ 'ಟಿಕ್' ಬಂತು. ಅತ್ತಿಗೆ ನಕ್ಕು, ಮಕ್ಕಳ ಕಡೆ ತಿರುಗಿ, ಅದು ಯಾರು ಹಾಕಿದ ತಾಳ ಎಂದು ಕೇಳಿದರು. ಮಕ್ಕಳು ನನ್ನನ್ನು ತೋರಿಸಿದರು.